ಐವತ್ತೊಂದು ಎಲೆ ಇದ್ದರೆ ಆಟ ನಡೆಯಲ್ಲ: ಸಿಗರೇಟು ಪ್ಯಾಕಿನೊಳಗಿನ ಪುಕ್ಕಟೆ ಇಸ್ಪೀಟಿನ ಕತೆ

ನಮ್ಮ ತಾತನ ಮನೆಯಲ್ಲಿ ಒಂದು ಹಳೇ ಬಿಸ್ಕತ್ತು ಡಬ್ಬಿ ಇತ್ತು. ಅದರೊಳಗೆ ಒಂದು ಕಟ್ಟು ಇಸ್ಪೀಟು. ಪ್ರತಿ ಎಲೆಯ ಬೆನ್ನಿಗೂ ಒಂದು ಸಿಗರೇಟಿನ ಹೆಸರು, ಜೊತೆಗೆ ಮಿರಮಿರ ಮಿಂಚುವ ಬಣ್ಣದ ಚಿತ್ರ. ಯಾವುದೋ ಜಾತ್ರೆಗೆ ಜೀಪಿನಲ್ಲಿ ಬಂದ ಕಂಪನಿಯವರು, ಇಷ್ಟು ಪ್ಯಾಕ್ ತಗೊಂಡವರಿಗೆ ಒಂದು ಕಟ್ಟು ಫ್ರೀ ಅಂತ ಹಂಚಿದ್ದಂತೆ. ಆ ಕಟ್ಟಿನಲ್ಲಿ ಆಟಿನ್ ಏಳು ಕಳೆದುಹೋಗಿತ್ತು. ತಾತ ಸಿಗರೇಟು ಪ್ಯಾಕಿನ ರಟ್ಟನ್ನೇ ಅಳತೆಗೆ ಕತ್ತರಿಸಿ, ಕೆಂಪು ಪೆನ್ನಿನಲ್ಲಿ ಏಳು ಆಟಿನ್ ಗುರುತು ಬರೆದು ಆ ಜಾಗಕ್ಕೆ ಸೇರಿಸಿದ್ದರು. ಆ ಎಲೆ ಯಾರ ಕೈಲಿದೆ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ಆದ್ರೂ ಆಟ ನಡೀತಿತ್ತು. ನಾನು ರಮ್ಮಿ ಕಲಿತಿದ್ದು ಅದೇ ಕಟ್ಟಿನಲ್ಲಿ.

ತಾತ ಹೋಗಿದ್ದು ಶ್ವಾಸಕೋಶದ ಕಾಯಿಲೆಯಿಂದ. ಕೊನೆಯ ಎರಡು ವರ್ಷ ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡ್ತಿದ್ರು. ಅವರು ಹೋದ ಮೇಲೆ ಮನೆಯವರು ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಎಲ್ಲ ಎಸೆದರು. ಇಸ್ಪೀಟಿನ ಕಟ್ಟನ್ನ ಮಾತ್ರ ಯಾರೂ ಎಸೀಲಿಲ್ಲ. ಅದು ನೆನಪಿನ ವಸ್ತು ಅಲ್ವಾ?

ಈ ವ್ಯತ್ಯಾಸ ನನ್ನನ್ನ ಬಹಳ ದಿನ ಕಾಡಿದೆ. ಸಿಗರೇಟು ಕೆಟ್ಟದ್ದು, ಸಿಗರೇಟಿನ ಜೊತೆ ಪುಕ್ಕಟೆ ಬಂದ ಎಲೆ ಒಳ್ಳೆಯದು ಅಂತ ನಾವು ಯಾಕೆ ಅಂದ್ಕೊಳ್ತೀವಿ? ಈ ಪ್ರಶ್ನೆ ಹಿಡಿದು ಹೊರಟಾಗ ನನಗೆ ಸಿಕ್ಕಿದ್ದು ಸುಮಾರು 140 ವರ್ಷಗಳ ಒಂದು ಇತಿಹಾಸ. ಯಂತ್ರ, ಹೆಂಗಸರ ದೇಹ, ಸಾಮ್ರಾಜ್ಯ, ಮಕ್ಕಳು, ಕಾನೂನು ಎಲ್ಲವೂ ಆ ಅಂಗೈಯಗಲದ ರಟ್ಟಿನಲ್ಲಿವೆ.

ರಟ್ಟು ಬಂದಿದ್ದು ಯಾಕೆ?

19ನೇ ಶತಮಾನದ ಅಮೆರಿಕದಲ್ಲಿ ತಂಬಾಕು ಅಂದ್ರೆ ಹೆಚ್ಚಾಗಿ ಜಗಿಯೋದು, ಪೈಪು, ಚುಟ್ಟಾ. ಸಿಗರೇಟು ಅಷ್ಟೇನೂ ಗೌರವ ಇಲ್ಲದ ಹೊಸ ವಸ್ತು. ಅದನ್ನ ತೆಳು ಕಾಗದದ ಪ್ಯಾಕಿನಲ್ಲಿ ಮಾರ್ತಿದ್ದರು. ಜೇಬಿನಲ್ಲಿಟ್ಟರೆ ನಜ್ಜುಗುಜ್ಜಾಗ್ತಿತ್ತು. ಹಾಗಾಗಿ ಒಳಗೆ ಒಂದು ಗಟ್ಟಿ ರಟ್ಟಿನ ತುಂಡು ಇಡೋಕೆ ಶುರು ಮಾಡಿದರು. ರಟ್ಟು ಖಾಲಿ ಯಾಕಿರಬೇಕು ಅಂತ ಅದರ ಮೇಲೆ ಚಿತ್ರ ಅಚ್ಚು ಹಾಕಿದರು. ಸಿಗರೇಟ್ ಕಾರ್ಡುಗಳ ಹುಟ್ಟು ಇಷ್ಟು ಸರಳ. ವರ್ಜೀನಿಯಾದ ರಿಚ್ಮಂಡ್ ಪಟ್ಟಣದ ಆಲೆನ್ ಅಂಡ್ ಜಿಂಟರ್ ಕಂಪನಿ ಇದರಲ್ಲಿ ಮುಂದಿತ್ತು.

ಆದರೆ ಇದು ದೊಡ್ಡ ಉದ್ಯಮವಾಗೋಕೆ ಕಾರಣ ಬೇರೆ. 1881ರಲ್ಲಿ ಜೇಮ್ಸ್ ಬಾನ್ಸ್ಯಾಕ್ ಅನ್ನೋ ಯುವಕ ಸಿಗರೇಟು ಸುತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಪಳಗಿದ ಕೆಲಸಗಾರರು ಕೈಯಲ್ಲಿ ಸುತ್ತಿದರೆ ನಿಮಿಷಕ್ಕೆ ಸುಮಾರು ನಾಲ್ಕು ಸಿಗರೇಟು. ಈ ಯಂತ್ರ ನಿಮಿಷಕ್ಕೆ ಸುಮಾರು 200 ಸುತ್ತುತ್ತಿತ್ತು, ಅಂದ್ರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು. ನಾರ್ತ್ ಕರೋಲಿನಾದ ಜೇಮ್ಸ್ ಬ್ಯೂಕನನ್ ಡ್ಯೂಕ್ ಈ ಯಂತ್ರಗಳನ್ನ 1884ರ ಹೊತ್ತಿಗೆ ತನ್ನ ಕಾರ್ಖಾನೆಗೆ ತಂದ.

ಈಗ ಸಮಸ್ಯೆ ಉಲ್ಟಾ ಆಯ್ತು. ಮೊದಲು ಜನ ಕೇಳಿದಷ್ಟು ಸಿಗರೇಟು ಸುತ್ತೋಕೆ ಕೈ ಸಾಲ್ತಿರಲಿಲ್ಲ. ಈಗ ಯಂತ್ರ ಉಗುಳುವಷ್ಟು ಸಿಗರೇಟು ಸೇದೋಕೆ ಜನ ಸಾಲ್ತಿರಲಿಲ್ಲ. ಸೇದುವವರನ್ನೂ ತಯಾರು ಮಾಡಬೇಕಿತ್ತು. 1889ರಲ್ಲಿ ಡ್ಯೂಕ್ ಜಾಹೀರಾತಿಗೆ ಸುರಿದ ಹಣ ಸುಮಾರು 8 ಲಕ್ಷ ಡಾಲರ್ ಅಂತಾರೆ. ಮರುವರ್ಷ ಎದುರಾಳಿಗಳನ್ನೆಲ್ಲ ಸೇರಿಸಿಕೊಂಡು ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿದ. ಪ್ಯಾಕಿನೊಳಗಿನ ಚಿತ್ರದ ರಟ್ಟು ಆ ಜಾಹೀರಾತು ಯುದ್ಧದ ಮುಖ್ಯ ಆಯುಧಗಳಲ್ಲಿ ಒಂದು.

ಇದೇ ಕಾಲಕ್ಕೆ ಬಣ್ಣದ ಕಲ್ಲಚ್ಚು ಅಗ್ಗವಾಗಿತ್ತು. ಇದಕ್ಕೆ ಕೆಲವೇ ದಶಕಗಳ ಹಿಂದೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಹೊಸ ಹೊಸ ಗಂಜೀಫಾ ಆಟಗಳನ್ನ ರೂಪಿಸಿದ್ದರು. ಆ ಎಲೆಗಳನ್ನ ಕಲಾವಿದರು ಒಂದೊಂದಾಗಿ ಕೈಯಲ್ಲೇ ಬಿಡಿಸಬೇಕಿತ್ತು. ಅಂಥ ಕಟ್ಟು ಅರಮನೆಗೆ, ಶ್ರೀಮಂತರ ಮನೆಗೆ ಮಾತ್ರ. ಕಲ್ಲಚ್ಚಿನ ಕಾಲದಲ್ಲಿ ಕೂಲಿಯವನ ಜೇಬಿಗೂ ಬಣ್ಣದ ಎಲೆ ಬಂತು. ಆ ಸಂಭ್ರಮ ಸುಳ್ಳಲ್ಲ. ಗೋಡೆ ಮೇಲೆ ಒಂದು ಚಿತ್ರವೂ ಇಲ್ಲದ ಮನೆಗೆ ಆ ರಟ್ಟು ಏನಾಗಿತ್ತು ಅಂತ ಯೋಚಿಸಿ.

ಇಸ್ಪೀಟೇ ಯಾಕೆ?

ಹಕ್ಕಿ, ಹಡಗು, ಸೇನಾಪತಿ, ಬೇಸ್‌ಬಾಲ್ ಆಟಗಾರ ಹೀಗೆ ಕಾರ್ಡುಗಳಲ್ಲಿ ಬಾರದ ವಿಷಯವೇ ಇಲ್ಲ. ಆದರೆ ಕೆಲವು ಕಂಪನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ನ್ಯೂಯಾರ್ಕಿನ ಮೂರ್ ಅಂಡ್ ಕ್ಯಾಲ್ವಿ ಕಂಪನಿ 'ಹಾರ್ಡ್ ಎ ಪೋರ್ಟ್' ಹೆಸರಿನ ತಂಬಾಕಿನ ಜೊತೆ 1880ರ ದಶಕದ ಕೊನೆಯಿಂದ ಒಂದೊಂದು ಇಸ್ಪೀಟು ಎಲೆ ಕೊಡ್ತು. ಕಿನ್ನಿ ಕಂಪನಿ ಅದೇ ಹೊತ್ತಿಗೆ 'ಹಾರ್ಲೆಕ್ವಿನ್' ಎಲೆಗಳನ್ನ ತಂತು. ಅದರಲ್ಲಿ ಆಟಿನ್, ಕಳಾವರ್ ಗುರುತುಗಳನ್ನೇ ಮುಖವಾಗಿ, ಟೋಪಿಯಾಗಿ ಬದಲಿಸಿದ ತಮಾಷೆ ಚಿತ್ರಗಳು. ಬ್ರಿಟನ್ನಿನ ವಿಲ್ಸ್ ಕಂಪನಿ 1890ರ ದಶಕದ ಕೊನೆಗೆ ಸುಂದರಿಯರ ಚಿತ್ರದ ಮೂಲೆಯಲ್ಲಿ ಇಸ್ಪೀಟು ಎಲೆಯ ಗುರುತು ಇರುವ 52 ಕಾರ್ಡು ತಂತು. 1930ರ ದಶಕದ ಆರಂಭದಲ್ಲಿ ಅದೇ ಕಂಪನಿ ಪುಟಾಣಿ ಇಸ್ಪೀಟು ಎಲೆ ಹಂಚಿತು. ಪೂರ್ತಿ ಕಟ್ಟು ಕೂಡಿಸಿ ಕೊಟ್ಟರೆ ದೊಡ್ಡ ಸೈಜಿನ ನಿಜವಾದ ಇಸ್ಪೀಟು ಸಿಗ್ತಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. 50 ಹಕ್ಕಿ ಚಿತ್ರಗಳಲ್ಲಿ 30 ನಿಮ್ಮ ಹತ್ರ ಇದ್ದರೂ 30 ಹಕ್ಕಿ ಇದ್ದ ಹಾಗೇ. ಆಲ್ಬಂಗೆ ಅಂಟಿಸಿ ಖುಷಿ ಪಡಬಹುದು. ಇಸ್ಪೀಟಿನಲ್ಲಿ ಹಾಗಿಲ್ಲ. 51 ಎಲೆ ಇದ್ದರೆ ಅದು ಕಟ್ಟೇ ಅಲ್ಲ, ಆಟ ನಡೆಯಲ್ಲ. ಬಿಟ್ಟುಹೋದ ಒಂದು ಎಲೆ ಉಳಿದ 51ನ್ನೂ ನಿರುಪಯೋಗಿ ಮಾಡ್ತದೆ. ಕೊಳ್ಳುವವನನ್ನ ಮಧ್ಯದಲ್ಲಿ ಬಿಟ್ಟು ಹೋಗದಂತೆ ಕಟ್ಟಿಹಾಕೋಕೆ ಇದಕ್ಕಿಂತ ಒಳ್ಳೆ ಹಗ್ಗ ಬೇಕಾ?

ಲೆಕ್ಕ ಹಾಕಿ ನೋಡೋಣ. ಪ್ಯಾಕಿಗೆ ಒಂದು ಎಲೆ, ಯಾವ ಎಲೆ ಬರ್ತದೆ ಅನ್ನೋದು ಅದೃಷ್ಟ, ಎಲ್ಲ ಎಲೆಗಳೂ ಸಮಾನ ಸಂಖ್ಯೆಯಲ್ಲಿ ಅಚ್ಚಾಗಿವೆ ಅಂತ ಇಟ್ಕೊಳ್ಳಿ. 52 ಎಲೆಗೆ 52 ಪ್ಯಾಕ್ ಸಾಕಾ? ಇಲ್ಲ. ಬಂದ ಎಲೆಯೇ ಮತ್ತೆ ಮತ್ತೆ ಬರ್ತದೆ. ಸಂಭಾವ್ಯತೆಯ ಗಣಿತ ಹೇಳೋದು ಏನಂದ್ರೆ, ಪೂರ್ತಿ ಕಟ್ಟು ಕೂಡಿಸೋಕೆ ಸರಾಸರಿ ಸುಮಾರು 236 ಪ್ಯಾಕ್ ಬೇಕು. ಮೊದಲ 26 ಎಲೆ ಸುಮಾರು 36 ಪ್ಯಾಕಿನಲ್ಲೇ ಸಿಕ್ಕಿಬಿಡ್ತವೆ. ಅರೆ, ಸುಲಭ ಇದೆಯಲ್ಲ ಅನ್ಸತ್ತೆ. ಉಳಿದ 26ಕ್ಕೆ 200 ಪ್ಯಾಕ್. ಕಟ್ಟಕಡೆಯ ಒಂದೇ ಒಂದು ಎಲೆಗೆ ಸರಾಸರಿ 52 ಪ್ಯಾಕ್. ಹತ್ತು ಸಿಗರೇಟಿನ ಪ್ಯಾಕ್ ಅಂದ್ಕೊಂಡ್ರೆ ಒಂದು ಪುಕ್ಕಟೆ ಇಸ್ಪೀಟಿಗೆ 2,360 ಸಿಗರೇಟು.

236 ಪ್ಯಾಕ್ ಆಗುವಷ್ಟರಲ್ಲಿ ಇಸ್ಪೀಟಿನ ಹುಚ್ಚು ಬಿಟ್ಟರೂ ನಿಕೋಟಿನ್ ಬಿಡಲ್ಲ. ಆಮೇಲೆ ಎಲೆ ಕೊಡದಿದ್ರೂ ನಡೀತದೆ.

ಇದರ ಭಾರ ಕಡಿಮೆ ಮಾಡ್ಕೊಳ್ಳೋಕೆ ಜನ ಒಂದು ದಾರಿ ಕಂಡುಕೊಂಡರು: ಬದಲಾಯಿಸಿಕೊಳ್ಳೋದು. ನನ್ನ ಹತ್ರ ಎರಡು ಕಳಾವರ್ ರಾಣಿ, ನಿನ್ನ ಹತ್ರ ಎರಡು ಡೈಮಂಡ್ ಎಕ್ಕ. ಕೊಡು, ತಗೋ. ಹೀಗೆ ಪ್ಯಾಕುಗಳ ಲೆಕ್ಕ ಇಳೀತು ನಿಜ. ಆದರೆ ಬದಲಾಯಿಸಿಕೊಳ್ಳಬೇಕು ಅಂದ್ರೆ ಗೆಳೆಯನೂ ಅದೇ ಬ್ರ್ಯಾಂಡ್ ಸೇದಬೇಕು. ಕಾರ್ಖಾನೆಯ ಊಟದ ಹೊತ್ತಿನಲ್ಲಿ, ಸೈನಿಕರ ಬ್ಯಾರಕ್ಕಿನಲ್ಲಿ, ರೈಲಿನಲ್ಲಿ ಒಬ್ಬರನ್ನ ನೋಡಿ ಇನ್ನೊಬ್ಬರು ಅದೇ ಪ್ಯಾಕ್ ಕೊಂಡರು. ಕಂಪನಿ ಸಂಬಳ ಕೊಡದೆ ಪ್ರಚಾರಕರನ್ನ ಸಂಪಾದಿಸಿತು.

ರಾಣಿಯ ಜಾಗದಲ್ಲಿ ಯಾರಿದ್ದರು?

'ಹಾರ್ಡ್ ಎ ಪೋರ್ಟ್' ಎಲೆಗಳನ್ನ ಮೊದಲ ಸಲ ಸ್ಕ್ರೀನ್ ಮೇಲೆ ನೋಡಿದಾಗ ನನಗೆ ಮುಜುಗರ ಆಯ್ತು. ಎಕ್ಕದಿಂದ ರಾಜನವರೆಗೂ ಹೆಂಗಸರೇ. ಬಿಗಿಯಾದ ಕಾಲುಚೀಲ, ತೆರೆದ ಕತ್ತಿನ ನಾಟಕದ ವೇಷ, ನೋಡುವವನ ಕಡೆಗೊಂದು ನಗು. ಹೆಂಗಸರು ಕಾಲು ಮುಚ್ಚುವ ಉದ್ದ ಲಂಗ ಹಾಕಲೇಬೇಕಿದ್ದ ಕಾಲದಲ್ಲಿ ಇದು ಗಂಡಸರ ಜೇಬಿಗೆ ಕದ್ದುಮುಚ್ಚಿ ಬಂದ ಚಿತ್ರ. ಇಂಥ 'ಸುಂದರಿಯರ' ಸರಣಿಗಳ ಬಹುಪಾಲು ಎಲೆಗಳಲ್ಲಿ ಅವರ ಹೆಸರೂ ಇಲ್ಲ. ಸೇನಾಪತಿಗಳ ಕಾರ್ಡಿನಲ್ಲಿ ಹೆಸರು, ಪದವಿ, ಗೆದ್ದ ಯುದ್ಧ ಎಲ್ಲ ಇರ್ತಿತ್ತು. ಹೆಂಗಸಿಗೆ ಒಂದು ನಂಬರು, ಒಂದು ಗುರುತು ಸಾಕಾಗಿತ್ತು.

ವಿರೋಧವೂ ಬಂತು. 1894ರಲ್ಲಿ ಡ್ಯೂಕ್‌ನ ಅಪ್ಪ ವಾಷಿಂಗ್ಟನ್ ಡ್ಯೂಕ್, ಸಿಗರೇಟಿನ ಜೊತೆ ಹಂಚುವ ಇಂಥ ಚಿತ್ರಗಳಿಂದ ಯುವಕರು ಕೆಡ್ತಾರೆ ಅಂತ ಮಗನಿಗೆ ಪತ್ರ ಬರೆದು ಆಕ್ಷೇಪಿಸಿದ. ಗಮನಿಸಿ, ಚರ್ಚೆ ನಡೆದಿದ್ದು ಗಂಡುಹುಡುಗರ ನೀತಿಯ ಬಗ್ಗೆ. ಚಿತ್ರದಲ್ಲಿರುವ ಹೆಂಗಸನ್ನ ಯಾರಾದ್ರೂ ಕೇಳಿದ್ರಾ ಅನ್ನೋ ಪ್ರಶ್ನೆ ಅಲ್ಲಿಲ್ಲ.

ಆ ಪ್ರಶ್ನೆಯನ್ನ ಒಬ್ಬ ನಟಿ ಕೇಳಿದ್ದಳು. 1890ರಲ್ಲಿ ನ್ಯೂಯಾರ್ಕಿನ ನಟಿ ಮೇರಿಯನ್ ಮನೋಲಾ ಬಿಗಿ ಕಾಲುಚೀಲದ ವೇಷದಲ್ಲಿ ರಂಗದ ಮೇಲಿದ್ದಾಗ, ಅವಳ ಒಪ್ಪಿಗೆ ಇಲ್ಲದೆ ಪ್ರೇಕ್ಷಕರ ಕಡೆಯಿಂದ ಫೋಟೊ ತೆಗೆದರು. ಅವಳು ಕೋರ್ಟಿಗೆ ಹೋಗಿ ಆ ಚಿತ್ರದ ಬಳಕೆಗೆ ತಡೆ ತಂದಳು. ನಟಿಯರ ಚಿತ್ರಗಳು ಪ್ಯಾಕು, ಪೋಸ್ಟರು, ಅಂಗಡಿ ಗಾಜಿನ ಮೇಲೆಲ್ಲ ಹರಿದಾಡ್ತಿದ್ದ ಕಾಲ ಅದು. ಅದೇ ವರ್ಷ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿಸ್ ಬ್ರಾಂಡೈಸ್ ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಈ ಪ್ರಕರಣದ ಉಲ್ಲೇಖ ಇದೆ. 127 ವರ್ಷಗಳ ನಂತರ, 2017ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಾಗ ಆ ಲೇಖನವನ್ನ ಚರ್ಚಿಸಿತು. ಆ ಮೊಕದ್ದಮೆ ಹೂಡಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇವತ್ತು ಹುಡುಗಿಯರ ಫೋಟೊ ಕದ್ದು ಎಐನಲ್ಲಿ ತಿರುಚಿ ಹರಡುವವರ ವಿರುದ್ಧ ನಾವು ಬಳಸುವ ವಾದದ ಬೇರು ಹುಡುಕಿದರೆ, ಈ ಎಲೆಗಳ ಕಾಲದ ಒಬ್ಬ ನಟಿಯ ಸಿಟ್ಟು ಸಿಗ್ತದೆ.

ಚಿತ್ರದಲ್ಲಿ ಕಾಣದ ಹೆಂಗಸರೂ ಇದ್ದರು. ಯಂತ್ರ ಬರುವ ಮುಂಚೆ ರಿಚ್ಮಂಡಿನಲ್ಲಿ ಸಿಗರೇಟು ಸುತ್ತುತ್ತಿದ್ದವರು ಹೆಚ್ಚಾಗಿ ಬಡ ಬಿಳಿ ಹುಡುಗಿಯರು. ಎಲೆಯ ನಾರು ಬಿಡಿಸುವ, ಧೂಳು ತುಂಬಿದ ಕಡಿಮೆ ಕೂಲಿಯ ಕೆಲಸ ಕಪ್ಪು ಹೆಂಗಸರ ಪಾಲಿಗೆ. ನಮ್ಮ ಕರಾವಳಿಯ ಮನೆ ಜಗಲಿಗಳಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರನ್ನ ನೋಡಿದವರಿಗೆ ಇದು ಹೊಸದಲ್ಲ. ತಂಬಾಕಿನ ಉದ್ಯಮಕ್ಕೆ ಹೆಂಗಸಿನ ಕೈ ಬೇಕು, ಹೆಂಗಸಿನ ಮುಖವೂ ಬೇಕು. ಆದರೆ ಆ ಕೈ, ಆ ಮುಖ ಒಬ್ಬಳದ್ದೇ ಆಗಿರೋದು ಅಪರೂಪ.

ಸೋತವರ ಚಿತ್ರ, ಗೆದ್ದವರ ಚಿತ್ರ

ಇಸ್ಪೀಟಿನ ಜೊತೆಜೊತೆಗೇ ಹುಟ್ಟಿದ ಇತರ ಸರಣಿಗಳನ್ನೂ ನೋಡಬೇಕು. 1888ರಲ್ಲಿ ಆಲೆನ್ ಅಂಡ್ ಜಿಂಟರ್ ಅಮೆರಿಕದ ಮೂಲನಿವಾಸಿ ನಾಯಕರ ಚಿತ್ರಗಳ ಸರಣಿ ತಂತು. ಗರಿಗಳ ಕಿರೀಟ, ಗಂಭೀರ ಮುಖ, ಅದ್ಭುತ ಬಣ್ಣ. ಅದಕ್ಕೆ ಒಂದು ವರ್ಷ ಹಿಂದೆ, 1887ರಲ್ಲಿ ಡಾಸ್ ಕಾಯ್ದೆ ಬಂದು ಆ ಜನರ ಸಾಮುದಾಯಿಕ ಭೂಮಿಯನ್ನ ಚೂರುಚೂರು ಮಾಡೋಕೆ ಶುರುವಾಗಿತ್ತು. ಎರಡು ವರ್ಷದ ನಂತರ, 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಎಂಬಲ್ಲಿ ಸೈನ್ಯ ನೂರಾರು ಲಕೋಟಾ ಜನರನ್ನ ಕೊಂದಿತು. ತಂಬಾಕನ್ನ ಜಗತ್ತಿಗೆ ಕೊಟ್ಟವರೇ ಅಮೆರಿಕ ಖಂಡಗಳ ಮೂಲನಿವಾಸಿಗಳು. ಅವರ ನೆಲ ಹೋಗ್ತಿದ್ದ ಹೊತ್ತಿಗೇ ಅವರ ಮುಖ ಸಿಗರೇಟಿನ ಬೋನಸ್ ಆಯ್ತು.

ಸಾಮ್ರಾಜ್ಯದ ಕತೆ ನಮ್ಮಲ್ಲಿಗೂ ಬಂತು. ಕರ್ನಾಟಕಕ್ಕೆ ತಂಬಾಕಿನ ನಂಟು ಹಳೆಯದು. ಅಕ್ಬರನ ದೂತ ಅಸದ್ ಬೇಗ್ 17ನೇ ಶತಮಾನದ ಆರಂಭದಲ್ಲಿ ತಂಬಾಕನ್ನ ಮೊದಲು ಕಂಡಿದ್ದು ಬಿಜಾಪುರದಲ್ಲಿ. ಅಲ್ಲಿಂದಲೇ ಅದನ್ನ ಮೊಘಲ್ ದರ್ಬಾರಿಗೆ ಒಯ್ದ. ಆದರೆ ಪ್ಯಾಕಿನಲ್ಲಿ ಬಂದ ಸಿಗರೇಟು 20ನೇ ಶತಮಾನದ್ದು. ಡ್ಯೂಕ್ ಬ್ರಿಟನ್ನಿಗೆ ಕಾಲಿಟ್ಟಾಗ ಅಲ್ಲಿನ ಕಂಪನಿಗಳು ವಿಲ್ಸ್ ನೇತೃತ್ವದಲ್ಲಿ 1901ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಅಂತ ಒಂದಾದವು. ಮರುವರ್ಷ ಇಬ್ಬರೂ ರಾಜಿಯಾಗಿ, ಉಳಿದ ಜಗತ್ತನ್ನ ಒಟ್ಟಿಗೆ ಹಂಚಿಕೊಳ್ಳೋಕೆ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಟ್ಟಿದರು. 1910ರಲ್ಲಿ ಕಲ್ಕತ್ತಾದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ನೋಂದಣಿಯಾಯ್ತು. ಇವತ್ತಿನ ಐಟಿಸಿ ಅದೇ. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ದಂಡು ಪ್ರದೇಶದ ಪಕ್ಕದಲ್ಲೇ ಸಿಗರೇಟು ಕಾರ್ಖಾನೆ ಶುರುವಾಯ್ತು.

ವಿಲ್ಸ್ ಕಂಪನಿಯ ಸಿಸರ್ಸ್, ಅಂದ್ರೆ ಕತ್ತರಿ ಮಾರ್ಕಿನ ಸಿಗರೇಟು ಭಾರತದಲ್ಲಿ ಜೋರಾಗಿ ಮಾರಾಟವಾಗಿತ್ತು. ಅದರ ಪ್ಯಾಕುಗಳಲ್ಲೂ ಕಾರ್ಡುಗಳು ಬರ್ತಿದ್ದವು. ನಟಿಯರು, ಶೌರ್ಯದ ದೃಶ್ಯಗಳು, ಭಾರತೀಯ ರೆಜಿಮೆಂಟುಗಳು, ಭಾರತದ ಗವರ್ನರ್ ಜನರಲ್‌ಗಳು. ನಮ್ಮನ್ನ ಆಳಿದವರ ಚಿತ್ರವನ್ನ ನಮ್ಮ ನೆಲದಲ್ಲಿ ಸಿಗರೇಟಿನ ಜೊತೆ ಪುಕ್ಕಟೆ ಹಂಚಿದರು. ಆ ಕಾರ್ಡು ಕೂಡಿಸಿದ ಹುಡುಗನಿಗೆ ಆಳುವವರು ಯಾರು, ಅವರ ಪರ ಯುದ್ಧಕ್ಕೆ ಹೋಗುವವರು ಯಾರು ಅನ್ನೋ ಕ್ರಮ ಪಾಠದ ಹಾಗೆ ಕೂತುಬಿಡ್ತಿತ್ತು. ಪಠ್ಯಪುಸ್ತಕದಲ್ಲಿ ಏನಿರಬೇಕು ಅಂತ ನಾವಿವತ್ತು ಬೀದಿಗಿಳಿದು ಜಗಳ ಆಡ್ತೀವಿ. ಸಿಗರೇಟು ಪ್ಯಾಕ್ ಒಂದು ಕಾಲದ ಪಠ್ಯಪುಸ್ತಕ, ಅದಕ್ಕೆ ಸಮಿತಿಯೂ ಇರಲಿಲ್ಲ.

ಹುಡುಗರು ಎಲ್ಲಿಂದ ಬಂದರು?

ಸೇದುವವರು ದೊಡ್ಡವರು, ಕೂಡಿಸುವವರು ಹೆಚ್ಚಾಗಿ ಮಕ್ಕಳು. ಬ್ರಿಟನ್ನಿನಲ್ಲಿ ತಂಬಾಕು ಅಂಗಡಿಯ ಹೊರಗೆ ಹುಡುಗರು ಕಾಯ್ತಾ ನಿಂತು, ಪ್ಯಾಕ್ ಕೊಂಡು ಬಂದವರನ್ನೆಲ್ಲ ಕಾರ್ಡು ಕೊಡಿ ಅಂತ ಪೀಡಿಸೋದು ಸಾಮಾನ್ಯ ದೃಶ್ಯವಾಗಿತ್ತು. ಅಪ್ಪ ಯಾವ ಸಿಗರೇಟು ಕೊಳ್ಳಬೇಕು ಅಂತ ಮಗ ತೀರ್ಮಾನಿಸಿದ. 1908ರಲ್ಲಿ ಬ್ರಿಟನ್ 16 ವರ್ಷದೊಳಗಿನವರಿಗೆ ಸಿಗರೇಟು ಮಾರೋದನ್ನ ಕಾನೂನಿನಲ್ಲಿ ನಿಷೇಧಿಸಿತು. ಕಾರ್ಡಿಗೆ ವಯಸ್ಸಿನ ಮಿತಿ ಇರಲಿಲ್ಲ. ಬ್ರ್ಯಾಂಡಿನ ಹೆಸರು ಆರು ವರ್ಷದವನ ಬಾಯಲ್ಲಿ ಮೊದಲು ಬರ್ತಿತ್ತು, ಸಿಗರೇಟು ಆಮೇಲೆ.

ಇದು ಬರೀ ಹಳೇ ಕಾಲದ ಮಾತಲ್ಲ. 1991ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಕ್ಯಾಮೆಲ್ ಸಿಗರೇಟಿನ ಕಾರ್ಟೂನ್ ಒಂಟೆ 'ಜೋ ಕ್ಯಾಮೆಲ್'ನ್ನ ಆರು ವರ್ಷದ ಮಕ್ಕಳು ಮಿಕ್ಕಿ ಮೌಸ್‌ನಷ್ಟೇ ಸಲೀಸಾಗಿ ಗುರುತಿಸಿದ್ದರು. ಆ ಒಂಟೆಯ ಚಿತ್ರ ಇಸ್ಪೀಟಿನ ಕಟ್ಟಿನ ಮೇಲೂ ಬಂದಿತ್ತು. 1998ರಲ್ಲಿ ಅಮೆರಿಕದ ರಾಜ್ಯಗಳು ತಂಬಾಕು ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದ, ಬ್ರ್ಯಾಂಡ್ ಹೆಸರಿರುವ ಇಂಥ ಸರಕುಗಳ ಹಂಚಿಕೆಗೆ ಕಡಿವಾಣ ಹಾಕಿತು. ನನ್ನ ವಿಷಯದಲ್ಲೂ ಅಷ್ಟೇ. ಅಕ್ಷರ ಸರಿಯಾಗಿ ಓದೋಕೆ ಬರುವ ಮುಂಚೆ ನನಗೆ ತಾತನ ಇಸ್ಪೀಟಿನ ಬೆನ್ನ ಮೇಲಿದ್ದ ಬ್ರ್ಯಾಂಡಿನ ಹೆಸರು ಗೊತ್ತಿತ್ತು.

ಪ್ಯಾಕ್ ಯಾರ ಜಾಗ?

ಸರ್ಕಾರಗಳು ಸುಮ್ಮನೆ ಕೂತಿರಲಿಲ್ಲ. 1897ರ ಡಿಂಗ್ಲಿ ಸುಂಕ ಕಾಯ್ದೆಯಲ್ಲಿ ಅಮೆರಿಕ ತಂಬಾಕಿನ ಪ್ಯಾಕಿನೊಳಗೆ ತಂಬಾಕು ಬಿಟ್ಟು ಬೇರೆ ವಸ್ತು ಇಡಬಾರದು ಅಂತ ಹೇಳಿತು. 1902ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡಿಯಿತು. ಆದರೆ ಆ ನಿಷೇಧ ಹೆಚ್ಚು ಕಾಲ ಬಾಳಲಿಲ್ಲ. 1909ರ ಹೊತ್ತಿಗೆ ಬೇಸ್‌ಬಾಲ್ ಕಾರ್ಡುಗಳು ಪ್ಯಾಕಿಗೆ ವಾಪಸ್ ಬಂದಿದ್ದವು. ಆದ್ರೂ ತಂಬಾಕು ಪ್ಯಾಕಿನಲ್ಲಿ ಲಾಟರಿ ಚೀಟಿ, ಅಶ್ಲೀಲ ಚಿತ್ರ ಇಡಬಾರದು ಅನ್ನೋ ಸಾಲು ಅಮೆರಿಕದ ತೆರಿಗೆ ಸಂಹಿತೆಯಲ್ಲಿ ಇವತ್ತಿಗೂ ಇದೆ. ಬ್ರಿಟನ್ನಿನಲ್ಲಿ ಗಿಫ್ಟು ಕೂಪನ್‌ಗಳ ಪೈಪೋಟಿ ಕಂಪನಿಗಳಿಗೇ ಭಾರವಾಗಿ, 1933ರಲ್ಲಿ ಅವೇ ಕೂತು ಒಪ್ಪಂದ ಮಾಡಿಕೊಂಡು ನಿಲ್ಲಿಸಿದವು. ಕಾರ್ಡುಗಳಿಗೆ ಕೊನೆ ಹಾಡಿದ್ದು ಎರಡನೇ ಮಹಾಯುದ್ಧದ ಕಾಗದದ ಅಭಾವ. ನೀತಿಯ ಮಾತಿಗಿಂತ ಕಾಗದದ ಕೊರತೆ ಹೆಚ್ಚು ಕೆಲಸ ಮಾಡಿತು.

ನಮ್ಮಲ್ಲಿ 2003ರ ಕೋಟ್ಪಾ ಕಾಯ್ದೆ ತಂಬಾಕಿನ ಜಾಹೀರಾತನ್ನ ನಿಷೇಧಿಸಿತು. ಆದರೆ ಅದರ 5ನೇ ಸೆಕ್ಷನ್ ಓದಿ ನೋಡಿ. ಎರಡು ವಿನಾಯಿತಿ ಇವೆ. ಒಂದು, ಮಾರುವ ಅಂಗಡಿ ಮತ್ತು ಗೋದಾಮು. ಇನ್ನೊಂದು, ತಂಬಾಕಿನ ಪ್ಯಾಕಿನ ಮೇಲೆ ಅಥವಾ ಒಳಗೆ ಇರುವ ಜಾಹೀರಾತು. 140 ವರ್ಷದ ಹಿಂದೆ ಕಾರ್ಡು ಕೂತಿದ್ದ ಜಾಗವನ್ನೇ ಕಾಯ್ದೆ ಬಿಟ್ಟುಕೊಟ್ಟಿದೆ! ಆಮೇಲೆ ಬಂದ ನಿಯಮಗಳು ಪ್ಯಾಕಿನ ಮೇಲಿನ ಪ್ರಚಾರಕ್ಕೆ ಲಗಾಮು ಹಾಕಿದವು ನಿಜ. ಮೂಲ ಕಾಯ್ದೆಯ ಸಾಲು ಮಾತ್ರ ಹಾಗೇ ಇದೆ.

ಪ್ಯಾಕಿಗಾಗಿ ನಡೆದ ದೊಡ್ಡ ಜಗಳ ನಮ್ಮ ಊರಿನಲ್ಲೇ ಆಯ್ತು. 2016ರ ಏಪ್ರಿಲ್‌ನಿಂದ ಪ್ಯಾಕಿನ ಎರಡೂ ಬದಿಯ ಶೇ. 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಅಂತ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ತಂಬಾಕು ಉದ್ಯಮ ಕೋರ್ಟಿಗೆ ಹೋಯ್ತು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನ ಸುಪ್ರೀಂ ಕೋರ್ಟು ಕರ್ನಾಟಕ ಹೈಕೋರ್ಟಿಗೆ ಕಳಿಸಿತು. 2017ರ ಡಿಸೆಂಬರಿನಲ್ಲಿ ಹೈಕೋರ್ಟು ಆ ನಿಯಮವನ್ನ ರದ್ದು ಮಾಡಿತು. ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟು, ಚಿತ್ರ ಉಳೀತು. ಒಂದು ಅಂಗೈಯಗಲದ ರಟ್ಟಿಗಾಗಿ ಇಷ್ಟು ದೊಡ್ಡ ವಕೀಲರು ಯಾಕೆ ಬರ್ತಾರೆ? ಕೊಳ್ಳುವವನು ದಿನಕ್ಕೆ ಹತ್ತು ಇಪ್ಪತ್ತು ಸಲ ಕೈಗೆತ್ತಿಕೊಂಡು ನೋಡುವ ಪರದೆ ಅದು. ಮೊಬೈಲಿಗಿಂತ ಮುಂಚೆ ಅಂಥ ಪರದೆ ಇದ್ದಿದ್ದು ಅದೊಂದೇ.

ಇದನ್ನ ಚೆನ್ನಾಗಿ ಅರ್ಥ ಮಾಡಿಕೊಂಡ ದೇಶಗಳಿವೆ. ಆಸ್ಟ್ರೇಲಿಯಾ 2012ರಲ್ಲಿ ಪ್ಯಾಕಿನಿಂದ ಬ್ರ್ಯಾಂಡಿನ ಬಣ್ಣ, ಚಿತ್ರ ಎಲ್ಲ ಕಿತ್ತುಹಾಕಿತು. ಕೆನಡಾ ಇನ್ನೂ ಜಾಣತನ ತೋರಿಸಿತು. ಸಿಗರೇಟು ಬಿಡೋದು ಹೇಗೆ, ಬಿಟ್ಟರೆ ದೇಹಕ್ಕೆ ಏನು ಲಾಭ ಅಂತ ತಿಳಿಸುವ ಚೀಟಿಯನ್ನ ಪ್ಯಾಕಿನೊಳಗೆ ಇಡೋದನ್ನ ಕಡ್ಡಾಯ ಮಾಡಿತು. ಒಂದು ಕಾಲದಲ್ಲಿ ಕಳಾವರ್ ರಾಣಿ ಇದ್ದ ಜಾಗದಲ್ಲಿ ಈಗ ಆ ಚೀಟಿ ಕೂತಿದೆ.

ಬರೀ ಕಲೆ ಅಂತ ನೋಡಬಾರದಾ?

ಹಳೇ ಎಲೆಗಳ ಸಂಗ್ರಾಹಕರು ಈ ಮಾತು ಕೇಳ್ತಾರೆ. ಆ ಪ್ರಶ್ನೆಗೆ ತೂಕ ಇದೆ. ಜೆಫರ್ಸನ್ ಬರ್ಡಿಕ್ ಅನ್ನೋ ಸಾಮಾನ್ಯ ನೌಕರ ಜೀವನಪೂರ್ತಿ ಕೂಡಿಸಿದ 3 ಲಕ್ಷಕ್ಕೂ ಹೆಚ್ಚು ಕಾರ್ಡು, ಅಚ್ಚುಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ಎಡ್ವರ್ಡ್ ವಾರ್ಟನ್ ಟೈಗರ್ ಬಿಟ್ಟುಹೋದ ಸುಮಾರು 20 ಲಕ್ಷ ಕಾರ್ಡು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇವರು ಉಳಿಸದಿದ್ದರೆ ನಾನು ಈ ಲೇಖನ ಬರೀತಿರಲಿಲ್ಲ. ಬಡವರ ಜೇಬಿನಲ್ಲಿದ್ದ ಚಿತ್ರ ಯಾವುದು ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ದಾಖಲೆ ಕಡಿಮೆ.

ನನ್ನ ತಕರಾರು ಸಂಗ್ರಹದ ಬಗ್ಗೆ ಅಲ್ಲ. ನೆನಪು ಎಲೆಯನ್ನ ತೊಳೆದು ಶುದ್ಧ ಮಾಡುವ ರೀತಿಯ ಬಗ್ಗೆ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಸಿಗರೇಟ್ ಕಾರ್ಡು 2022ರಲ್ಲಿ 72 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯ್ತು. ಅವನು ತನ್ನ ಚಿತ್ರ ಬಳಸಬೇಡಿ ಅಂದಿದ್ದರಿಂದಲೇ ಅದು ಅಪರೂಪವಾಯ್ತು ಅಂತಾರೆ. ಪುಕ್ಕಟೆ ಬಂದ ರಟ್ಟಿಗೆ ಇಷ್ಟು ಬೆಲೆ ಬಂದಾಗ, ಆ 236 ಪ್ಯಾಕ್ ಯಾರ ಎದೆಗೂಡು ಸೇರಿತು ಅನ್ನೋ ಲೆಕ್ಕ ಅಳಿಸಿಹೋಗ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ತಂಬಾಕು ಪ್ರತಿವರ್ಷ ಜಗತ್ತಿನಲ್ಲಿ 70 ಲಕ್ಷಕ್ಕೂ ಹೆಚ್ಚು ಜನರನ್ನ ಕೊಲ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸ್ತಿದ್ದರು.

ವಯಸ್ಕರ ಆಯ್ಕೆ, ನಿಮಗ್ಯಾಕೆ ಅನ್ನೋ ವಾದವೂ ಇದೆ. ಆಯ್ಕೆ ಅನ್ನಬೇಕು ಅಂದ್ರೆ ಎದುರಿಗಿರುವವನು ಏನು ಮಾರ್ತಿದ್ದಾನೆ ಅಂತ ಗೊತ್ತಿರಬೇಕು. ಪುಕ್ಕಟೆ ಎಲೆಯ ಕೆಲಸವೇ ಅದನ್ನ ಮರೆಸೋದು. ಕೊಳ್ಳುವವನ ಗಮನ ಆಟಿನ್ ಏಳರ ಮೇಲೆ, ಮಾರುವವನ ಗಮನ ಸಿಗರೇಟಿನ ಮೇಲೆ. ಇದೇ ಉಪಾಯ ಇವತ್ತು ಮೊಬೈಲ್ ಗೇಮಿನ ಒಳಗಿನ ಅದೃಷ್ಟದ ಪೆಟ್ಟಿಗೆಯಲ್ಲಿದೆ. ದುಡ್ಡಿನ ರಮ್ಮಿ ಆ್ಯಪ್‌ಗಳು ಮೊದಲ ಸಲ ಬಂದವರಿಗೆ ಕೊಡ್ತಿದ್ದ ಬೋನಸ್ಸಿನಲ್ಲೂ ಇತ್ತು. 2025ರಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸುವ ಕಾಯ್ದೆ ಮಾಡುವ ಹೊತ್ತಿಗೆ ಎಷ್ಟೋ ಮನೆಗಳು ಮುಳುಗಿದ್ದವು. ಅದೇ ವರ್ಷ ಕರ್ನಾಟಕದ ತಿದ್ದುಪಡಿ ಜಾರಿಯಾಗಿ ತಂಬಾಕು ಕೊಳ್ಳುವ ವಯಸ್ಸು 21ಕ್ಕೆ ಏರಿತು, ಬಿಡಿ ಸಿಗರೇಟು ಮಾರಾಟಕ್ಕೂ ಹುಕ್ಕಾ ಬಾರಿಗೂ ನಿಷೇಧ ಬಂತು. ಒಳ್ಳೆಯದೇ. ಆದರೆ ಕೋಟ್ಪಾದ 5ನೇ ಸೆಕ್ಷನ್‌ನಲ್ಲಿ ಪ್ಯಾಕಿಗೂ ಅಂಗಡಿಗೂ ಕೊಟ್ಟ ವಿನಾಯಿತಿ ತೆಗೆಯಿರಿ ಅಂತ ಕೇಳೋದು ಬಾಕಿ ಇದೆ. ಅದನ್ನ ಕೇಳಬೇಕಾದವರು ನಾವೇ, ಯಾಕಂದ್ರೆ ಆ ಪ್ಯಾಕಿನ ಮುಂದಿನ ಗಿರಾಕಿಗಳು ಅಂತ ಅವರು ಲೆಕ್ಕ ಹಾಕಿರೋದು ನಮ್ಮನ್ನೇ.

ತಾತನ ಕಟ್ಟು ಈಗ ನನ್ನ ಹತ್ರ ಇದೆ. ಎಸೆದಿಲ್ಲ, ಎಸೆಯೋದೂ ಇಲ್ಲ. ಮೊನ್ನೆ ಅದನ್ನ ಹರಡಿಕೊಂಡು ಕೂತಾಗ ಆ ಕೈಯಲ್ಲಿ ಬರೆದ ಆಟಿನ್ ಏಳನ್ನ ತಿರುಗಿಸಿ ನೋಡಿದೆ. ಉಳಿದ 51 ಎಲೆಗಳ ಬೆನ್ನಿಗೆ ಬರೀ ಚಂದದ ಚಿತ್ರ. ಪ್ಯಾಕಿನಿಂದ ಕತ್ತರಿಸಿದ ಈ ಒಂದು ರಟ್ಟಿನ ಬೆನ್ನಿಗೆ ಮಾತ್ರ, ಅರ್ಧ ಕತ್ತರಿಸಿಹೋದ ಸಣ್ಣ ಅಕ್ಷರದಲ್ಲಿ ಶಾಸನವಿಧಿಸಿದ ಎಚ್ಚರಿಕೆ ಉಳಿದಿತ್ತು.